ನೂರಿಪ್ಪತ್ತು ಬೋರ್ಡು, ಎಪ್ಪತ್ತೆರಡು ಮರ

1984ನೇ ಇಸವಿ ಜೂನ್ 4, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಮೊದಲ ಬೋರ್ಡು ಕತ್ತರಿಸಿದೆ. ಡೈರಿಯಲ್ಲಿ ಬರೆದಿರುವುದು ಇಷ್ಟು: "ಉದ್ದ ಹತ್ತು ಸೆಂಟಿಮೀಟರ್, ಅಗಲ ಎಂಟು. ಗರಗಸ ಜಾರಿ ಒಂದು ಅಂಚು ಸೀಳಿತು. ಆಗಬೇಕಾದ್ದು ನೂರಿಪ್ಪತ್ತು. ಆದದ್ದು ಸೊನ್ನೆ."

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ನನಗೆ ಈ ಕೆಲಸ ಕೊಟ್ಟಿದ್ದರು. ಕರೆಂಟು ಹೋದಾಗ ಬ್ಯಾಟರಿಯಿಂದ ಉರಿಯುವ ಸಣ್ಣ ಟ್ಯೂಬ್‌ಲೈಟನ್ನು ಅವರು ಜೋಡಿಸಿ ಮಾರಬೇಕೆಂದಿದ್ದರು. ಅದಕ್ಕೆ ಬೇಕಾದ ಸರ್ಕಿಟ್ ಬೋರ್ಡುಗಳು ಬೆಂಗಳೂರಿನಿಂದ ಬಂದರೆ ತಡ, ಬಂದವುಗಳಲ್ಲಿ ಕಾಲುಭಾಗ ಒಡೆದಿರುತ್ತಿದ್ದವು.

"ಚೌತಿಯೊಳಗೆ ಬೇಕು ಮಾರಾಯ," ಎಂದಿದ್ದರು ಸಾಹೇಬರು. "ಈ ಊರಲ್ಲಿ ಕರೆಂಟು ಹೋದ್ರೆ ನಂಗೆ ವ್ಯಾಪಾರ, ನಿಂಗೆ ರಜ. ಅದಕ್ಕೆ ಕರೆಂಟು ಇದ್ದಾಗ್ಲೇ ಮಾಡ್ಕೋ."

ಗೊತ್ತಿಲ್ಲದವರಿಗೆ ಎರಡು ಮಾತು. ಸರ್ಕಿಟ್ ಬೋರ್ಡೆಂದರೆ ಕಂದು ಬಣ್ಣದ ತೆಳು ಹಲಗೆ. ಅದರ ಒಂದು ಮೈಗೆ ತಾಮ್ರದ ಹಾಳೆ ಅಂಟಿಸಿರುತ್ತಾರೆ. ಬೇಕಾದ ಗೆರೆಗಳನ್ನು ತಾಮ್ರದ ಮೇಲೆ ಪೇಂಟಿನಿಂದ ಬರೆದು, ಹಲಗೆಯನ್ನು ಫೆರಿಕ್ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ಮುಳುಗಿಸಬೇಕು. ಪೇಂಟಿಲ್ಲದ ಕಡೆಯ ತಾಮ್ರವೆಲ್ಲ ಕರಗಿ ನೀರಿಗೆ ಸೇರುತ್ತದೆ. ಪೇಂಟಿನ ಅಡಿಯದು ಉಳಿದು ತಂತಿಯ ಕೆಲಸ ಮಾಡುತ್ತದೆ. ಪುಸ್ತಕದಲ್ಲಿ ಇದು ಒಂದು ಪುಟದ ವಿಷಯ. ನನಗೆ ಎಂಟು ವಾರ ಬೇಕಾಯಿತು.

ನಾನು ನರಸಿಂಹರಾಜಪುರದವನು. ಕೊಪ್ಪದಲ್ಲಿ ಅಡಿಕೆ ತೋಟದ ಯಜಮಾನರೊಬ್ಬರ ಮನೆಯ ಹಿಂದಿದ್ದ ಖಾಲಿ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು ರೇಡಿಯೋ ರಿಪೇರಿ ಮಾಡುತ್ತಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಎಲ್ಲವನ್ನೂ ಬರೆದಿಡುವ ಅಭ್ಯಾಸ ಹೈಸ್ಕೂಲಿನಿಂದ ಬಂದದ್ದು. ಬರೆದಿಟ್ಟರೆ ತಪ್ಪು ಎರಡನೇ ಸಲ ಆಗುವುದಿಲ್ಲ ಎಂದು ನಂಬಿದ್ದೆ.

ಮೊದಲ ಹನ್ನೆರಡು ಬೋರ್ಡುಗಳನ್ನು ಕೈಯಿಂದ ಬರೆದೆ. ತಾಮ್ರವನ್ನು ಬೂದಿ ಹಾಕಿ ಉಜ್ಜಿ, ಕಾರ್ಬನ್ ಹಾಳೆಯಿಟ್ಟು ನಕ್ಷೆ ಇಳಿಸಿ, ಖಾಲಿಯಾದ ಪೆನ್ ರೀಫಿಲ್ಲಿಗೆ ಎನಾಮಲ್ ಪೇಂಟ್ ಹೀರಿಸಿ ಗೆರೆ ಎಳೆಯುವುದು. ಜೂನ್ ತಿಂಗಳ ತೇವಕ್ಕೆ ಪೇಂಟು ಒಣಗಲೇ ಇಲ್ಲ. ಮೂರು ದಿನ ಕಾದು ಮುಳುಗಿಸಿದರೂ ಗೆರೆಗಳು ಕೆನೆಯ ಹಾಗೆ ಎದ್ದು ಬಂದವು. ಹನ್ನೆರಡರಲ್ಲಿ ಉಳಿದದ್ದು ನಾಲ್ಕು. ಆಮೇಲೆ ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ನೂರು ಕ್ಯಾಂಡಲ್ ಬಲ್ಬು ಇಟ್ಟು ಬೋರ್ಡುಗಳನ್ನು ಒಣಗಿಸಿದೆ. ಕರೆಂಟು ಹೋದ ದಿನ ಅದೂ ಇಲ್ಲ.

ಕೈ ಬರಹದಲ್ಲಿ ದಿನಕ್ಕೆ ಎರಡಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಜೂನ್ 16ಕ್ಕೆ ಬೇರೆ ದಾರಿ ಹಿಡಿದೆ. ಮರದ ಚೌಕಟ್ಟಿಗೆ ನೈಲಾನ್ ಬಟ್ಟೆ ಬಿಗಿದು, ಗೆರೆ ಇರಬಾರದ ಜಾಗಕ್ಕೆಲ್ಲ ಫ್ರೆಂಚ್ ಪಾಲಿಶ್ ಬಳಿದು ಮುಚ್ಚಿ, ಮೇಲಿನಿಂದ ಗಟ್ಟಿ ಪೇಂಟನ್ನು ರಬ್ಬರ್ ಪಟ್ಟಿಯಿಂದ ಎಳೆದರೆ ನಕ್ಷೆ ಒಂದೇ ಏಟಿಗೆ ಬೋರ್ಡಿನ ಮೇಲೆ ಇಳಿಯುತ್ತದೆ. ಎರಡು ಚೌಕಟ್ಟು ಹಾಳಾಗಿ ಮೂರನೆಯದು ಕೆಲಸ ಕೊಟ್ಟಿತು. ಅಲ್ಲಿಂದ ದಿನಕ್ಕೆ ಆರು.

ಇನ್ನೊಂದು ತೊಂದರೆ ಚಳಿ. ಪುಸ್ತಕದ ಪ್ರಕಾರ ಇಪ್ಪತ್ತು ನಿಮಿಷಕ್ಕೆ ತಾಮ್ರ ಕರಗಬೇಕು. ನನ್ನ ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡು ಗಂಟೆಯಾದರೂ ಕರಗುತ್ತಿರಲಿಲ್ಲ. ಅಷ್ಟು ಹೊತ್ತು ಬಿಟ್ಟರೆ ನೀರು ಪೇಂಟಿನ ಅಡಿಗೂ ನುಗ್ಗಿ ಗೆರೆಯನ್ನು ತಿನ್ನುತ್ತಿತ್ತು. ತಟ್ಟೆಯನ್ನು ಬಿಸಿನೀರಿನ ಪಾತ್ರೆಯೊಳಗೆ ತೇಲಿಬಿಟ್ಟು, ಒಂದು ಅಂಚನ್ನು ಎತ್ತಿ ಇಳಿಸಿ ತುಳುಕಿಸುತ್ತ ಕೂತರೆ ಮೂವತ್ತೈದು ನಿಮಿಷ. ತೂತು ಕೊರೆಯುವುದು ಕೈ ಡ್ರಿಲ್ಲಿನಲ್ಲಿ. ಮುರಿದ ಬಿಟ್ಟುಗಳು ಹನ್ನೊಂದು.

ಕರಗಿಸುವ ನೀರು ಎಷ್ಟು ತಾಮ್ರ ತಿಂದ ಮೇಲೆ ಸುಸ್ತಾಗುತ್ತದೆ ಎಂದು ತಿಳಿಯಲು ಒಂದು ಹಳೆಯ ಸಣ್ಣ ತಕ್ಕಡಿ ಇಟ್ಟುಕೊಂಡಿದ್ದೆ. ಹತ್ತು ಬೋರ್ಡುಗಳನ್ನು ಮುಳುಗಿಸುವ ಮೊದಲು ತೂಗಿ, ಆಮೇಲೆ ತೊಳೆದು ಒರೆಸಿ ತೂಗುವುದು. ಹತ್ತಕ್ಕೆ ಹದಿನೇಳೂವರೆ ಗ್ರಾಂ ಕಡಿಮೆಯಾಗುತ್ತಿತ್ತು. ಸುಸ್ತಾದ ನೀರನ್ನು ಒಂದು ಪ್ಲಾಸ್ಟಿಕ್ ಕ್ಯಾನಿಗೆ ಸುರಿದಿಡುತ್ತಿದ್ದೆ. ಎಲ್ಲಿ ಚೆಲ್ಲಬೇಕೆಂದು ಪುಸ್ತಕ ಹೇಳಿರಲಿಲ್ಲ. ಹೊಸದಾಗಿದ್ದಾಗ ಕಷಾಯದ ಬಣ್ಣವಿದ್ದ ಆ ನೀರು ಕ್ಯಾನಿನಲ್ಲಿ ದಿನೇದಿನೇ ಹಸಿರಾಯಿತು.

ಜುಲೈ 19, ಗುರುವಾರ. ಬೋರ್ಡುಗಳು ನೂರ ಹನ್ನೆರಡು. ಕ್ಯಾನಿನಲ್ಲಿ ಏಳು ಲೀಟರ್. ಮಳೆ ಹಿಂದಿನ ದಿನದಿಂದ ಬಿಡುವು ಕೊಟ್ಟಿತ್ತು.

ಅಂದು ತೋಟಕ್ಕೆ ಕೊಳೆರೋಗದ ಎರಡನೇ ಔಷಧಿ, ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿದ್ದು. ಅದನ್ನು ಹೊಡೆಯಲು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಬರುತ್ತಿದ್ದವರು ಸುಮಾರು ನಲವತ್ತೈದು ದಾಟಿದ ಒಬ್ಬರು. ಸ್ವಂತ ಪಂಪು ಇಟ್ಟುಕೊಂಡಿದ್ದರು. ಯಜಮಾನರ ತೋಟವಲ್ಲದೆ ಸುತ್ತಲಿನ ಇನ್ನೂ ಮೂರು ತೋಟಗಳಿಗೆ ಮಳೆಗಾಲದ ಔಷಧಿ ಹೊಡೆಯುವವರು ಅವರೇ. ನನ್ನ ಕೊಟ್ಟಿಗೆಯಲ್ಲಿ ಬೋರ್ಡುಗಳ ರಾಶಿ ಕಂಡಾಗಿನಿಂದ ನನ್ನನ್ನು "ಬೋರ್ಡು ಮೇಷ್ಟ್ರೆ" ಎಂದು ಕರೆಯುತ್ತಿದ್ದರು. "ಇಷ್ಟು ಬೋರ್ಡು ಉಂಟು, ಮಕ್ಕಳೇ ಇಲ್ವಲ್ಲ," ಎಂದು ನಗುವುದು.

ಮಧ್ಯಾಹ್ನ ಎರಡೂವರೆಗೆ ಅವರು ಬಾಗಿಲಲ್ಲಿ ಬಂದು ಕೂತರು. ಮೈಲುತುತ್ತ ಮುಗಿದಿತ್ತು. ಒಂದು ಬ್ಯಾರಲ್ಲಿನಷ್ಟು ಕೆಲಸ ಬಾಕಿ. ಪೇಟೆಯ ಅಂಗಡಿಗಳಲ್ಲಿ ದಾಸ್ತಾನಿಲ್ಲ, ಸೋಮವಾರ ಬರುತ್ತದೆ ಎಂದಿದ್ದರಂತೆ. ಯಜಮಾನರು ಶೃಂಗೇರಿಗೆ ಹೋಗಿದ್ದರು, ಸಂಜೆಯ ಬಸ್ಸಿಗೆ ಬರುವವರು.

"ಸೋಮವಾರದ ತನಕ ಈ ಬಿಸಿಲು ಎಲ್ಲಿ ಇರ್ತದೆ ಮೇಷ್ಟ್ರೆ," ಎಂದರು. ಕ್ಯಾನಿನ ಕಡೆ ನೋಡಿ, "ಅದೆಂತ? ಮೈಲುತುತ್ತ ಕರಗಿಸಿದ ಹಾಗೇ ಕಾಣ್ತದೆ," ಎಂದರು.

"ಅದರಲ್ಲಿ ಇರೋದೂ ತಾಮ್ರವೇ," ಎಂದೆ.

ಅದನ್ನು ಕೊಡಿ ಎಂದು ಅವರು ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಕೊಡುತ್ತೇನೆ ಎಂದವನು ನಾನು. ಪೆನ್ಸಿಲ್ ತೆಗೆದುಕೊಂಡೆ. ನೂರ ಹನ್ನೆರಡು ಬೋರ್ಡಿನಿಂದ ಕರಗಿದ ತಾಮ್ರ ನೂರ ತೊಂಬತ್ತಾರು ಗ್ರಾಂ. ಮೈಲುತುತ್ತದಲ್ಲಿ ಕಾಲುಭಾಗ ತಾಮ್ರ. ಹಾಗಾದರೆ ಈ ಕ್ಯಾನು ಮುಕ್ಕಾಲು ಕಿಲೋಗಿಂತ ಹೆಚ್ಚು ಮೈಲುತುತ್ತಕ್ಕೆ ಸಮ. ಸುಣ್ಣವೂ ಅಷ್ಟೇ ತೂಕ, ಎಂಟುನೂರು ಗ್ರಾಂ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೆ ಖುಷಿಯಾಯಿತು. ಚೆಲ್ಲಲು ಜಾಗವಿಲ್ಲದ ನೀರಿಗೆ ಒಂದು ಉಪಯೋಗ ಸಿಕ್ಕಿತ್ತು.

ಕ್ಯಾನಿನಲ್ಲಿ ತಾಮ್ರದ ಜೊತೆ ಎರಡೂವರೆ ಕಿಲೋ ಫೆರಿಕ್ ಕ್ಲೋರೈಡೂ ಇತ್ತು. ನಾನೇ ಅಳೆದು ಕರಗಿಸಿದ್ದು. ಅದು ಹುಳಿ ನೀರು, ಅದಕ್ಕೂ ಸುಣ್ಣ ಬೇಕು ಎಂದು ನನಗೆ ಹೊಳೆಯಲಿಲ್ಲ. ನಾನು ದಿನವೂ ತೂಗುತ್ತಿದ್ದದ್ದು ತಾಮ್ರವನ್ನು. ಹಾಗಾಗಿ ಲೆಕ್ಕಕ್ಕೆ ಬಂದದ್ದೂ ತಾಮ್ರ ಮಾತ್ರ.

ಬ್ಯಾರಲ್ಲಿನಲ್ಲಿ ಸುಣ್ಣದ ತಿಳಿಯ ಮೇಲೆ ನನ್ನ ನೀರನ್ನು ಸುರಿದು ಅವರು ಕೋಲಿನಿಂದ ತಿರುವಿದರು. ಮೈಲುತುತ್ತವಾಗಿದ್ದರೆ ಆಕಾಶದ ಬಣ್ಣ ಬರಬೇಕು. ಬಂದದ್ದು ಸೆಗಣಿ ಕದಡಿದ ಬಣ್ಣ.

"ನೀಲಿ ಬರ್ಲಿಲ್ಲ," ಎಂದರು.

"ಅದರಲ್ಲಿ ಸ್ವಲ್ಪ ಕಬ್ಬಿಣದ ಅಂಶ ಇರ್ತದೆ. ಅದಕ್ಕೇ."

ಅವರು ಸೊಂಟದ ಕತ್ತಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಬ್ಯಾರಲ್ಲಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ಔಷಧಿ ಹೊಡೆಯುವವರೆಲ್ಲ ಮಾಡುವ ಪರೀಕ್ಷೆ ಅದು. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರ ಹತ್ತಿ ಕೆಂಪಾಗುತ್ತದೆ. ಕೆಂಪು ಕಂಡರೆ ಹೊಡೆಯಬಾರದು, ಎಳೆಕಾಯಿ ಸುಡುತ್ತದೆ.

ಕತ್ತಿ ಮೇಲೆ ಬಂದಾಗ ಬೆರಳುದ್ದ ಕೆಂಪಾಗಿತ್ತು.

"ಸುಣ್ಣ ಸಾಲ್ದು ಮೇಷ್ಟ್ರೆ. ಇನ್ನೊಂದು ಡಬ್ಬ ಹಾಕುವ. ಅಲ್ಲೇ ಉಂಟು."

"ಬೇಡ," ಎಂದೆ. "ಈ ನೀರಿನ ಗುಣವೇ ಹಾಗೆ. ಕಬ್ಬಿಣ ತಾಗಿದ್ರೆ ಸಾಕು, ಕೆಂಪು ಮಾಡ್ತದೆ. ಬೋರ್ಡು ಎತ್ತುವ ನನ್ನ ಚಿಮಟಕ್ಕೂ ದಿನಾ ಬರ್ತದೆ, ನೋಡಿ. ನಿಮ್ಮ ಕತ್ತಿ ಪರೀಕ್ಷೆ ಮೈಲುತುತ್ತಕ್ಕೆ ಮಾತ್ರ. ಸುಣ್ಣ ಜಾಸ್ತಿಯಾದ್ರೆ ಔಷಧಿಗೆ ಶಕ್ತಿ ಇರೂದಿಲ್ಲ."

ಅವರು ನನ್ನ ಚಿಮಟ ನೋಡಿದರು. ಲೆಕ್ಕದ ಕಾಗದವನ್ನೂ ನೋಡಿದರು.

"ಕಾಗದದ್ದು ನಂಗೆ ಗೊತ್ತಾಗೂದಿಲ್ಲ. ಕತ್ತಿದು ಗೊತ್ತಾಗ್ತದೆ," ಎಂದರು. ಆಮೇಲೆ, "ಆತು, ಓದಿದವ್ರು ನೀವು. ನೀವು ಹೇಳಿದ ಮೇಲೆ ಆತು," ಎಂದು ಕತ್ತಿಯನ್ನು ಒರೆಸಿ ಸಿಕ್ಕಿಸಿಕೊಂಡರು.

ಅವರು ಮರದಿಂದ ಮರಕ್ಕೆ ಹೊಡೆಯುತ್ತ ಹೋದರು. ನಾನು ಕೆಳಗೆ ನಿಂತು ಎಣಿಸಿದೆ. ಅಂದಿನ ಡೈರಿಯ ಕೊನೆಯ ಸಾಲು: "5.10ಕ್ಕೆ ಮುಗಿಯಿತು. 72 ಮರ. ಸಾರ್ಥಕ."

ಜುಲೈ 27, ಶುಕ್ರವಾರ ಬೆಳಿಗ್ಗೆ ಯಜಮಾನರ ದನಿ ಕೇಳಿ ಹೊರಗೆ ಬಂದೆ. ತೋಟದ ಆ ಬದಿಯಲ್ಲಿ ಎಳೆಕಾಯಿಗಳು ಉದುರಿ ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ನೋಡಿದೆ. ಕೊಳೆ ಬಂದ ಕಾಯಿಯ ಹಾಗೆ ನೀರೂರಿರಲಿಲ್ಲ. ಬೆಂಕಿ ತಾಗಿದ ಹಾಗೆ ಕಪ್ಪು ಕಲೆ, ಸುತ್ತ ಒಣಗಿದ ಸಿಪ್ಪೆ. ಎಲ್ಲಿಂದ ಎಲ್ಲಿಯವರೆಗೆ ಎಂದು ನನಗೆ ಕೇಳಬೇಕಾಗಿರಲಿಲ್ಲ. ಎಪ್ಪತ್ತೆರಡು ಮರ. ಎಪ್ಪತ್ತಮೂರನೆಯದರ ಅಡಿಕೆ ಗೊನೆ ಸರಿಯಾಗಿತ್ತು.

ನಾರ್ವೆಯವರನ್ನು ಯಜಮಾನರು ಕರೆಸಿದ್ದರು. ನಾನು ಕೈಯಲ್ಲಿ ಡ್ರಿಲ್ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ.

"ಕತ್ತಿ ಅದ್ದಿದ್ಯೋ ಇಲ್ವೋ?" ಯಜಮಾನರು ಕೇಳಿದರು.

"ಅದ್ದಿದ್ದೆ ಅಯ್ಯಾ."

"ಕೆಂಪಾಗಿತ್ತೋ?"

"ಆಗಿತ್ತು."

"ಕೆಂಪಾಗಿದ್ದು ಕಂಡೂ ಹೊಡೆದ್ಯಾ? ಇಷ್ಟು ವರ್ಷ ಎಂತ ಕಲ್ತೆ ನೀನು? ಸುಣ್ಣಕ್ಕೆ ಬರ ಇತ್ತಾ ಇಲ್ಲಿ?"

"ತಪ್ಪಾತು ಅಯ್ಯಾ."

ನನ್ನ ಕಡೆ ನಾರ್ವೆಯವರು ನೋಡಲಿಲ್ಲ. ನೋಡಿದ್ದರೆ ನಾನು ಮಾತಾಡುತ್ತಿದ್ದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಿರಲಾರದು. ಕೊಟ್ಟಿಗೆ ಬಿಡಬೇಕಾದೀತು, ಎಂಟು ಬೋರ್ಡು ಬಾಕಿ ಇದೆ, ಚೌತಿ ಹತ್ತಿರ ಬಂತು ಎಂದು ಲೆಕ್ಕ ಹಾಕುತ್ತಿದ್ದೆ. ಅವರು ಪಂಪು ಹೊತ್ತುಕೊಂಡು ಹೋದ ಮೇಲೆ ಒಳಗೆ ಬಂದು ಮೂರು ತೂತು ಕೊರೆದೆ.

ಅಂದೇ ಸಂಜೆ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಜುಲೈ 2ರ ಕೆಳಗೆ ನನ್ನದೇ ಅಕ್ಷರ: "ಕ್ಯಾನಿನ ನೀರು ಅರ್ಧ ಲೋಟ ಕೊಟ್ಟಿಗೆ ಹಿಂದೆ ಚೆಲ್ಲಿತು." ಜುಲೈ 6: "ಚೆಲ್ಲಿದ ಜಾಗದಲ್ಲಿ ಹುಲ್ಲು ಸತ್ತಿದೆ. ಅಗಲ ಒಂದೂವರೆ ಗೇಣು." ಗೇಣು ಹಾಕಿ ಅಳೆದಿದ್ದೇನೆ, ಬರೆದಿದ್ದೇನೆ. ಹದಿಮೂರು ದಿನ ಕಳೆದು ಅದೇ ನೀರನ್ನು ಇನ್ನೊಬ್ಬರ ತೋಟಕ್ಕೆ ಕೊಡುವಾಗ ಅದು ನೆನಪಾಗಲಿಲ್ಲ.

ಜುಲೈ 31ಕ್ಕೆ ನೂರಿಪ್ಪತ್ತನೆಯ ಬೋರ್ಡು ಮುಗಿಯಿತು. ಸಾಹೇಬರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಬೆಂಗಳೂರಿಂದು ಇದರ ಕಾಲಿಗೆ ಬೀಳ್ಬೇಕು ಮಾರಾಯ," ಎಂದರು. ಆಗಸ್ಟಿನಲ್ಲಿ ಕರೆಂಟು ಹೋದ ಸಂಜೆಗಳಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಗಳ ಸಾಲಿನಲ್ಲಿ ಒಂದೊಂದಾಗಿ ಬಿಳಿ ಬೆಳಕು ಹತ್ತುತ್ತಿತ್ತು. ಎಲ್ಲವೂ ನನ್ನ ಬೋರ್ಡಿನವು. ಆ ಬೀದಿಯಲ್ಲಿ ಓಡಾಡುವುದನ್ನು ಕಡಿಮೆ ಮಾಡಿದೆ.

ಅಷ್ಟರಲ್ಲಿ ಮಾತು ತೋಟದಿಂದ ತೋಟಕ್ಕೆ ಹೋಗಿತ್ತು. ಉಳಿದ ಮೂರು ತೋಟದವರೂ ನಾರ್ವೆಯವರನ್ನು ಬಿಟ್ಟು ಬೇರೆಯವರನ್ನು ಕರೆದರು. ಇದನ್ನೂ ನಾನು ತಾರೀಖು ಹಾಕಿ ಬರೆದೆ: ಆಗಸ್ಟ್ 2, ಆಗಸ್ಟ್ 5, ಆಗಸ್ಟ್ 11.

ಆಗಸ್ಟ್ 18, ಶನಿವಾರ. ಸಾಹೇಬರ ಅಂಗಡಿಗೆ ಬೆಸುಗೆ ತಂತಿ ಕೇಳಲು ಹೋಗಿದ್ದೆ. ಬಾಗಿಲ ಪಕ್ಕದಲ್ಲಿ, ಸ್ಪೀಕರ್ ಪೆಟ್ಟಿಗೆಗಳ ನಡುವೆ ಆ ಪಂಪು ಕೂತಿತ್ತು. ಹಿಡಿಗೆ ಸುತ್ತಿದ್ದ ಸೈಕಲ್ ಟ್ಯೂಬಿನ ತುಂಡಿನಿಂದ ಗುರುತು ಹತ್ತಿತು.

"ನಾರ್ವೆಯವನು ಇಟ್ಟು ಹೋದ," ಎಂದರು ಸಾಹೇಬರು. "ಗಿರಾಕಿ ಬಂದ್ರೆ ಹೇಳಿ ಅಂದ. ಇನ್ನು ಮರ ಹತ್ತೂದಿಲ್ವಂತೆ. ಬಾಳೆಹೊನ್ನೂರಿನ ಕಡೆ ಕಾಫಿ ತೋಟಕ್ಕೆ ಕೂಲಿಗೆ ಹೋಗ್ತಾನಂತೆ. ಮೈಕ್ ಅಂಗಡಿಯಲ್ಲಿ ಔಷಧಿ ಪಂಪು ಯಾರು ಕೊಳ್ತಾರೆ ಹೇಳು? ಎಂತಕ್ಕೆ ನಿನ್ನ ಮುಖ ಹಾಗಾತು?"

"ಮಾರಬೇಡಿ ಸಾಹೇಬ್ರೆ," ಎಂದೆ. "ಒಳಗಿಡಿ."

"ಯಾಕೆ? ನೀನು ಹತ್ತುತ್ಯಾ ಮರ?"

ಬೆಸುಗೆ ತಂತಿ ಕೇಳದೆಯೇ ಕೊಟ್ಟಿಗೆಗೆ ಬಂದೆ. ಜುಲೈ 27ರಿಂದ ಎಣಿಸಿದರೆ ಮರುದಿನಕ್ಕೆ ಇಪ್ಪತ್ತಮೂರು ದಿನ. ಆ ಮರುದಿನ, ಭಾನುವಾರ, ಯಜಮಾನರ ತಿಂಡಿ ಮುಗಿಯುವುದನ್ನು ಕಾದು, ಡೈರಿಯನ್ನು ಹಿಡಿದುಕೊಂಡು ಜಗುಲಿಗೆ ಹೋದೆ. ಬಾಯಲ್ಲಿ ಹೇಳಲು ಹೊರಟರೆ ನನಗೆ ಬೇಕಾದ ಹಾಗೆ ಹೇಳಿಬಿಡುತ್ತೇನೆಂಬ ಭಯವಿತ್ತು.

"ಎಂತ ಮಾಣಿ, ಬಾಡಿಗೆಗೆ ಇನ್ನೂ ದಿನ ಉಂಟಲ್ಲ," ಎಂದರು.

ಜುಲೈ 19ರ ಪುಟ ತೆರೆದು ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿ ಓದಿದರು. ಕತ್ತಿ ಕೆಂಪಾದದ್ದು, ಇನ್ನೊಂದು ಡಬ್ಬ ಸುಣ್ಣ ಎಂದು ನಾರ್ವೆಯವರು ಹೇಳಿದ್ದು, ನಾನು ಬೇಡವೆಂದದ್ದು, ಎಲ್ಲವೂ ಗಂಟೆಯ ಸಮೇತ ಅದರಲ್ಲಿತ್ತು. ಜುಲೈ 6ರ ಪುಟವನ್ನೂ ತೆರೆದು ತೋರಿಸಿದೆ. ಅದನ್ನು ಎರಡು ಸಲ ಓದಿದರು.

"ಇಷ್ಟು ದಿನ ಇದು ಎಲ್ಲಿತ್ತು?"

"ಮೇಜಿನ ಮೇಲೆ."

"ನಾನು ಅವನಿಗೆ ಬಾಯಿಗೆ ಬಂದ ಹಾಗೆ ಹೇಳೋವಾಗ ನೀನೆಲ್ಲಿದ್ದೆ?"

"ಬಾಗಿಲಲ್ಲೇ ಇದ್ದೆ."

ಅವರು ಸಿಟ್ಟಿನಲ್ಲಿ ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಡೈರಿ ಮುಚ್ಚಿ ಕೊಟ್ಟು, "ತಿಂಗಳ ಕೊನೆಗೆ ಕೊಟ್ಟಿಗೆ ಖಾಲಿ ಮಾಡು ಮಾಣಿ," ಎಂದರು. "ಉಳಿದವ್ರಿಗೆ ನಾನು ಹೇಳ್ತೇನೆ. ಹೇಳಿದ್ದು ಎಷ್ಟು ಒಳಗೆ ಹೋಗ್ತದೋ ಗೊತ್ತಿಲ್ಲ."

ಹೇಳಿದರು. ಮೂವರಿಗೂ ಹೇಳಿದರು ಎಂದು ಆಮೇಲೆ ತಿಳಿಯಿತು. ಒಬ್ಬರು ಕೊಟ್ಟ ಉತ್ತರ ಇದು: "ಹುಡುಗ ಹೇಳಿದ ಅಂತ ಕೆಂಪು ಕಂಡೂ ಹೊಡೆದವನನ್ನ ಹೇಗೆ ನಂಬೂದು? ನಾಳೆ ಇನ್ನೊಬ್ಬ ಹೇಳ್ತಾನೆ." ನಾನು ತಪ್ಪು ಒಪ್ಪಿಕೊಂಡರೆ ನಾರ್ವೆಯವರ ಮೇಲಿನ ಅಪವಾದ ಇಳಿಯುತ್ತದೆ ಎಂದುಕೊಂಡಿದ್ದೆ. ಪೂರ್ತಿ ಇಳಿಯಲಿಲ್ಲ.

ಆಗಸ್ಟ್ 26ಕ್ಕೆ ಬಾಳೆಹೊನ್ನೂರಿನ ಬಸ್ಸು ಹತ್ತಿದೆ. ಕಾಫಿ ತೋಟದಲ್ಲಿ ಕೂಲಿಯವರ ಮನೆಸಾಲಿನ ಎದುರು, ಭಾನುವಾರವಾದ್ದರಿಂದ, ಅವರು ಬಟ್ಟೆ ಒಗೆದು ಹರವುತ್ತಿದ್ದರು.

"ಓ, ಬೋರ್ಡು ಮೇಷ್ಟ್ರು! ಇಲ್ಲಿಗೂ ಶಾಲೆ ಬಂತಾ?"

ನಾನು ಯಜಮಾನರ ಹತ್ತಿರ ಹೋದದ್ದನ್ನು ಹೇಳಿದೆ. ಅವರು ಹಿಂಡಿದ ಅಂಗಿಯನ್ನು ಕೊಡವಿ ತಂತಿಗೆ ಹಾಕುತ್ತ ಕೇಳಿದರು. ಯಾಕೆ ಆ ದಿನ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ.

"ಎಂತ ಅಂತ ಹೇಳೂದು? ಕತ್ತಿ ಹಿಡಿದ ಕೈ ನಂದು. ಕೆಂಪು ಕಂಡ ಕಣ್ಣು ನಂದು. ಹೊಡೆದದ್ದೂ ನಾನೇ. ನೀವು ಹೇಳಿದ್ರಿ ಸರಿ, ನಾ ಯಾಕೆ ಕೇಳ್ಬೇಕಿತ್ತು?" ಎಂದರು. "ನಮ್ಮಪ್ಪ ಕತ್ತಿ ಕೆಂಪಾದ್ರೆ ಬ್ಯಾರಲ್ಲಿಂದ ದೂರ ಕೂತ್ಕೊಳ್ತಿದ್ದ, ಯಾರು ಬಂದು ಹೇಳಿದ್ರೂ ಸೈ."

ಕ್ಷಮಿಸಿ ಎಂದೆ. ಅವರು ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಅದು ಇರ್ಲಿ. ನಂಗೆ ಒಂದು ಹೇಳಿ ಮೇಷ್ಟ್ರೆ. ಆ ದಿನ ಆ ಇನ್ನೊಂದು ಡಬ್ಬ ಸುಣ್ಣ ಹಾಕಿದ್ರೆ ಕಾಯಿ ಉಳೀತಿತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ತಿಳ್ಕೊಂಡು ಹೇಳಿ," ಎಂದರು. "ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ."

ಈಗ 1985ರ ಮೇ ತಿಂಗಳು, ನಾನು ನರಸಿಂಹರಾಜಪುರದ ಮನೆಯಲ್ಲಿದ್ದೇನೆ. ಕ್ಯಾನಿನ ತಳದಲ್ಲಿ ಉಳಿದಿದ್ದ ಮುನ್ನೂರು ಮಿಲಿಲೀಟರ್ ನೀರಿನಲ್ಲಿ ನನಗೆ ತಿಳಿದಷ್ಟು ಪ್ರಯತ್ನ ಮಾಡಿದೆ. ಸುಣ್ಣವನ್ನು ಎರಡು ಪಟ್ಟು ಮಾಡಿದಾಗ ಕತ್ತಿ ಕೆಂಪಾಗಲಿಲ್ಲ. ಅಷ್ಟರ ಮಟ್ಟಿಗೆ ಅವರ ಕತ್ತಿ ಸರಿಯಾಗಿಯೇ ಹೇಳಿತ್ತು. ಆದರೆ ಆ ತಿಳಿಯನ್ನು ಆರು ಬಾಳೆ ಎಲೆಗೆ ಹಚ್ಚಿದರೆ ಎರಡು ಎಲೆಯ ಅಂಚು ಒಣಗಿತು, ನಾಲ್ಕು ಸರಿಯಾಗಿ ಉಳಿದವು. ಬಾಳೆ ಎಲೆಯ ಫಲಿತಾಂಶ ಅಡಿಕೆಯ ಎಳೆಕಾಯಿಗೆ ಹೊಂದುತ್ತದೆಯೇ ಗೊತ್ತಿಲ್ಲ. ಹುಳಿ ಹೋದ ಮೇಲೂ ಆ ನೀರಿನಲ್ಲಿ ಉಳಿಯುವ ಉಪ್ಪು ಕಾಯಿಯನ್ನು ಸುಡುತ್ತದೆಯೇ ಎಂಬುದೂ ಗೊತ್ತಿಲ್ಲ. ಇನ್ನೊಂದು ಮರದ ಮೇಲೆ ಹಾಕಿ ನೋಡಲು ನನಗೆ ಮನಸ್ಸಿಲ್ಲ.

ಪಂಪು ಸಾಹೇಬರ ಅಂಗಡಿಯ ಒಳಕೋಣೆಯಲ್ಲಿದೆ. ಮುಂದಿನ ಮಳೆಗಾಲದ ಮೊದಲ ಔಷಧಿಗೆ ಇನ್ನು ಐದು ವಾರ.

ರಸಾಯನಶಾಸ್ತ್ರ ಓದಿದವರು, ತೋಟದ ಔಷಧಿಯನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಅಳತೆಗಳು ಇವು: ಫೆರಿಕ್ ಕ್ಲೋರೈಡ್ ಎರಡೂವರೆ ಕಿಲೋ, ಕರಗಿದ ತಾಮ್ರ ನೂರ ತೊಂಬತ್ತಾರು ಗ್ರಾಂ, ನೀರು ನೂರು ಲೀಟರ್, ಹಾಕಿದ ಸುಣ್ಣ ಎಂಟುನೂರು ಗ್ರಾಂ. ಹಾಕದೆ ಬಿಟ್ಟ ಡಬ್ಬದಲ್ಲಿ ಒಂದು ಕಿಲೋ ಸುಣ್ಣ ಇತ್ತು. ಅದನ್ನೂ ಹಾಕಿದ್ದರೆ ಕಾಯಿ ಉಳಿಯುತ್ತಿತ್ತೇ? ಹೌದಾದರೆ ತಪ್ಪು ನನ್ನ ಮಾತಿನದು, ಅಲ್ಲವಾದರೆ ನನ್ನ ನೀರಿನದು. ನನ್ನ ಮಟ್ಟಿಗೆ ಎರಡೂ ಒಂದೇ. ಪ್ರಶ್ನೆ ಕೇಳಿದ ನಾರ್ವೆಯವರಿಗೆ ಒಂದೇ ಅಲ್ಲ. ಉತ್ತರ ಬಂದ ದಿನವೇ ಬಾಳೆಹೊನ್ನೂರಿಗೆ ಹೋಗಿ ಅವರಿಗೆ ಓದಿ ಹೇಳುತ್ತೇನೆ.